ಕೂಸಿಗೆ ಲಿಂಗ ಕಟ್ಟಿದ ಮಧ್ಯಾಹ್ನ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸ್ಟಾಫ್‌ರೂಮಿನಲ್ಲಿ ಯಾರಾದರೂ ಬೇವಿನ ಮರದ ಕೆಳಗೆ ಏನೋ ಕಂಡಿತೆಂದೋ, ಸತ್ತ ಅಜ್ಜಿ ಕನಸಿನಲ್ಲಿ ಬಂದು ಎಚ್ಚರಿಸಿದಳೆಂದೋ ಶುರು ಮಾಡಿದರೆ ಊಟದ ಡಬ್ಬಿ ಎತ್ತಿಕೊಂಡು ಹೊರಗೆ ಹೋಗಿಬಿಡುತ್ತಿದ್ದೆ. ಎದುರಿಗೆ ಕೂತರೆ ನನ್ನ ಬಾಯಿ ಸುಮ್ಮನಿರುವುದಿಲ್ಲ, ಪಾಪ, ಅವರಿಗೆ ಬೇಜಾರು. ಈಗಲೂ ನಾನು ಇಂಥದ್ದನ್ನು ನಂಬುವವಳಲ್ಲ. ಹಾಗಿದ್ದೂ ನನ್ನದೇ ಒಂದು ಅನುಭವವಿದೆ. ಅದನ್ನು ಎಲ್ಲಿಡಬೇಕೋ ಇಷ್ಟು ವರ್ಷವಾದರೂ ತಿಳಿದಿಲ್ಲ. ನೀವು ನಂಬಲೇಬೇಕೆಂದೇನಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಗಂಡನ ಮನೆ ಹುಮನಾಬಾದ್, ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ. ತವರು ಬಸವಕಲ್ಯಾಣ. ಮೊದಲ ಸಲ ಬಸುರಿಯಾದಾಗ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ. ಕೂಸು ಈ ವಾರ ನಿಂಬೆಹಣ್ಣಿನಷ್ಟಾಗಿದೆ, ಈ ವಾರ ಮಾವಿನಕಾಯಿಯಷ್ಟು, ಈಗ ಅದಕ್ಕೆ ಶಬ್ದ ಕೇಳಿಸುತ್ತದೆ ಎಂದೆಲ್ಲ ಅದು ತಿಳಿಸುತ್ತಿತ್ತು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆಗೆ ಓದಿ ಹೇಳುತ್ತಿದ್ದೆ. ಅವರು ರೊಟ್ಟಿ ಬಡಿಯುತ್ತಲೇ, "ಹೊಟ್ಟ್ಯಾಗ ಕೂಸದನೋ, ಹಣ್ಣಿನ ಬಂಡಿ ಅದನೋ?" ಎಂದು ನಗುತ್ತಿದ್ದರು.

ಆ ಕೂಸಿಗೆ ಒಂದು ಅಭ್ಯಾಸವಿತ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ಹಿಮ್ಮಡಿ ಊರಿ ಒತ್ತುವುದು. ನಾನು ಅಲ್ಲಿ ಬೆರಳಿಟ್ಟರೆ ಮೆಲ್ಲಗೆ ಪಕ್ಕಕ್ಕೆ ಜಾರಿ, ಬೆರಳು ತೆಗೆದ ಮೇಲೆ ಮತ್ತೆ ಅದೇ ಜಾಗಕ್ಕೆ ಬಂದು ಒತ್ತುವುದು. ಇದು ನಮ್ಮಿಬ್ಬರ ಆಟವಾಗಿತ್ತು. ಗಂಡನಿಗೂ ಹೇಳಿರಲಿಲ್ಲ.

ನಮ್ಮ ಲಿಂಗಾಯತರ ಮನೆಗಳಲ್ಲಿ ಎಂಟನೇ ತಿಂಗಳಿಗೆ ಹೊಟ್ಟೆಯೊಳಗಿನ ಕೂಸಿಗೂ ಲಿಂಗ ಕಟ್ಟುವ ಪದ್ಧತಿಯಿದೆ. ತಾಯಿಯ ಕೊರಳಲ್ಲಿ ಅವಳದ್ದು ಇದ್ದೇ ಇರುತ್ತದೆ. ಕೂಸಿನದನ್ನು ಬಟ್ಟೆಯಲ್ಲಿ ಸುತ್ತಿ ಅವಳ ತೋಳಿಗೆ ಕಟ್ಟುತ್ತಾರೆ, ಹೆರಿಗೆಯಾದ ಮೇಲೆ ಅದು ಕೂಸಿನ ಪಾಲಿಗೆ ಹೋಗುತ್ತದೆ. ಇನ್ನೂ ಉಸಿರಾಡಲು ಬಾರದವರಿಗೆ ಲಿಂಗಪೂಜೆಯ ಅವಸರವೇನು ಎಂದು ನಾನು ಚೇಷ್ಟೆ ಮಾಡಿದ್ದೆ. ಅತ್ತೆ ನಗಲಿಲ್ಲ. "ಲಿಂಗ ಕಟ್ಟಿದ್ರ ಅದು ಈ ಮನಿ ಮನಷ್ಯಾ ಆಗ್ತದ. ಕಟ್ಟೋ ತನಾ ಬರೇ ಹೊಟ್ಟಿ" ಎಂದರು.

ಒಂದು ಭಾನುವಾರ ಮಧ್ಯಾಹ್ನ ಕುಬಸ, ಅಂದರೆ ಸೀಮಂತ, ಮತ್ತು ಲಿಂಗ ಕಟ್ಟುವುದು ಎರಡನ್ನೂ ಒಟ್ಟಿಗೆ ಇಟ್ಟುಕೊಂಡರು. ಬಸವಕಲ್ಯಾಣದಿಂದ ಅವ್ವ ಹಸಿರು ಸೀರೆ ತಂದಿದ್ದಳು. ಮಠದಿಂದ ಬಂದ ಅಯ್ಯನವರು ಪೂಜೆ ಮುಗಿಸಿ ಲಿಂಗವನ್ನು ಅತ್ತೆಯ ಅಂಗೈಗಿಟ್ಟರು. ಅತ್ತೆ ಅದನ್ನು ಸೀರೆಯ ಮೇಲಿಂದಲೇ ನನ್ನ ಹೊಟ್ಟೆಗೆ ಮುಟ್ಟಿಸಿದರು. ಅದೇ ಕ್ಷಣಕ್ಕೆ ಬಲ ಪಕ್ಕೆಯ ಕೆಳಗೆ ಆ ಹಿಮ್ಮಡಿ ಎದ್ದು, ಅತ್ತೆಯ ಕೈಯನ್ನು ಮೇಲಕ್ಕೆ ತಳ್ಳಿತು. ಸೀರೆ ಅಲುಗಿದ್ದನ್ನು ಕೂತ ಹೆಂಗಸರೂ ಕಂಡರು. ಅತ್ತೆಯ ಕಣ್ಣಲ್ಲಿ ನೀರು ಬಂತು. ನನಗೆ ಮಾತ್ರ ನಗು ಬಂತು, ಸರಿಯಾದ ಹೊತ್ತು ನೋಡಿ ನಾಟಕ ಮಾಡಿತು ಎಂದುಕೊಂಡೆ.

ಲಿಂಗವನ್ನು ತೋಳಿಗೆ ಕಟ್ಟಿದ ಮೇಲೆ ಬಳೆ ಇಡಿಸಲು ಕೂತೆ. ಬಳೆ ಮಾರುವ ಹಸೀನಾ ನಮ್ಮ ಓಣಿಯವಳೇ. ನನ್ನ ಮಣಿಕಟ್ಟು ಹಿಡಿದು ಹಸಿರು ಬಳೆ ಏರಿಸುತ್ತಿದ್ದಾಗ ಅವಳ ಮೊಣಕೈ ಹೊಟ್ಟೆಗೆ ತಾಗಿತ್ತು. ಮತ್ತೊಂದು ಒದೆ ಬಿತ್ತು. ಅವಳ ಕೈ ಜಿಗಿದು ಬಳೆ ಚಟ್ಟನೆ ಒಡೆಯಿತು. "ನನಗೂ ಸಲಾಂ ಹೊಡೀತಲ್ರಿ ನಿಮ್ಮ ಕೂಸು" ಎಂದಳು. ಎಲ್ಲರೂ ನಕ್ಕರು.

ಮರುದಿನ ಬೆಳಿಗ್ಗೆ ಅವ್ವನ ಜೊತೆ ಕಾರಿನಲ್ಲಿ ತವರಿಗೆ ಹೊರಟೆ. ಗಂಡನೂ ಬಂದಿದ್ದರು. ಬಂಗ್ಲಾ ಕ್ರಾಸಿನಲ್ಲಿ ಬಸವಕಲ್ಯಾಣದ ಕಡೆ ತಿರುಗುವಾಗ, ಹೇಗೂ ತಪಾಸಣೆಯ ದಿನ, ಮೊದಲು ಆಸ್ಪತ್ರೆಗೇ ಹೋಗೋಣ ಎಂದೆ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತ ಮಾತಾಡುತ್ತಿದ್ದವರು ನಡುವೆ ಮಾತು ನಿಲ್ಲಿಸಿದರು. ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕೂಸು ಆಡುವುದು ಯಾವಾಗ ನಿಂತಿತು ಎಂದು ಕೇಳಿದರು. ನಿಂತಿಲ್ಲ, ನಿನ್ನೆ ಮಧ್ಯಾಹ್ನ ಮನೆ ತುಂಬ ಹೆಂಗಸರ ಎದುರಿಗೆ ಒದ್ದಿದೆ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ನೋವು ಬರಿಸಿ ಹೆರಿಗೆ ಮಾಡಿಸಿದರು. ಗಂಡುಮಗು. ಅಳುವಿಲ್ಲದ ಆ ಕೋಣೆಯ ಬಗ್ಗೆ ಹೆಚ್ಚು ಬರೆಯಲಾರೆ. ಮಗುವಿನ ಚರ್ಮ ಅಲ್ಲಲ್ಲಿ ಸುಲಿದಿತ್ತು. ಅದನ್ನು ನೋಡಿ ಡಾಕ್ಟರಮ್ಮ, ಜೀವ ಹೋಗಿ ನಾಲ್ಕೈದು ದಿನಗಳಾದರೂ ಆಗಿರಬೇಕು ಎಂದರು. ಮಂಚದ ಪಕ್ಕದಲ್ಲಿದ್ದ ಗಂಡ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಭಾನುವಾರ ಕಳೆದು ಇನ್ನೂ ಎರಡು ದಿನವಾಗಿರಲಿಲ್ಲ.

ಮಗುವನ್ನು ಹುಮನಾಬಾದಿಗೆ ಒಯ್ದರು, ನಾನು ಹೋಗುವಂತಿರಲಿಲ್ಲ. ಅಲ್ಲಿ ನಡೆದದ್ದನ್ನು ಗಂಡ ಆಮೇಲೆ ಹೇಳಿದರು. ಲಿಂಗವಿಲ್ಲದ ಎಳೆಗೂಸನ್ನು ನಮ್ಮ ಮನೆಯವರು ಹೊಲದ ಬದುವಿನ ಆಚೆ, ಗುರುತಿಲ್ಲದ ಹಾಗೆ ಹೂಳುತ್ತಾರೆ. ಲಿಂಗ ಕಟ್ಟಿದ ಕೂಸಾದರೆ ಹಿರಿಯರ ಸಾಲಿನಲ್ಲಿ ಜಾಗ. ಅಯ್ಯನವರು ಅತ್ತೆಯನ್ನು ಕೇಳಿದರಂತೆ, ಲಿಂಗ ಮುಟ್ಟಿಸಿದಾಗ ಒಳಗೆ ಜೀವ ಇತ್ತೇ ಎಂದು. "ನನ್ನ ಅಂಗೈಗಿ ಒದ್ದದರಿ. ಎಲ್ಲಾರೂ ನೋಡ್ಯಾರ" ಎಂದು ಅತ್ತೆ ಹೇಳಿದರಂತೆ. ಡಾಕ್ಟರಮ್ಮನ ಮಾತು ಗೊತ್ತಿದ್ದ ನನ್ನ ಗಂಡ ತುಟಿ ಬಿಚ್ಚಲಿಲ್ಲ. ಮಗು ತನ್ನ ಮುತ್ತಜ್ಜನ ಪಕ್ಕದಲ್ಲಿ, ತನ್ನ ಲಿಂಗದೊಂದಿಗೆ ಮಣ್ಣಾಯಿತು.

ಆ ವಾರ ಫೋನು ಎಂದಿನಂತೆ ಟಣ್ ಎಂದಿತು, ನಿಮ್ಮ ಕೂಸು ಈಗ ಬೆಳಕಿಗೆ ಕಣ್ಣು ತೆರೆಯುತ್ತದೆ ಎಂದು. ಆ್ಯಪನ್ನು ಅಳಿಸಿ ಹಾಕಿ, ಅವತ್ತು ಮನಸಾರೆ ಅತ್ತುಬಿಟ್ಟೆ.

ಸ್ವಲ್ಪ ಗಟ್ಟಿಯಾದ ಮೇಲೆ ಡಾಕ್ಟರಮ್ಮನ ಬಳಿ ಹೋಗಿ ಕೇಳಿದೆ. ಸತ್ತ ಮಗು ನೀರಿನಲ್ಲಿ ತೇಲುತ್ತದೆ, ತಾಯಿ ಅಲುಗಿದರೆ ಅದೂ ಅಲುಗುತ್ತದೆ, ಕೆಲವೊಮ್ಮೆ ಗರ್ಭಕೋಶವೇ ಬಿಗಿಯುತ್ತದೆ ಎಂದು ವಿವರಿಸಿದರು. ನಾನು ಮಕ್ಕಳಿಗೆ ಪಾಠ ಮಾಡಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ನಾನು ಅವತ್ತು ಅಲುಗದೆ ಕೂತಿದ್ದೆ. ಅದೇ ಜಾಗ, ಅದೇ ಹಿಮ್ಮಡಿ. ಹಸೀನಾಳ ಬಳೆ ಒಡೆದ ಮೇಲೆ ಯಾರಿಗೂ ಕಾಣದಂತೆ ಸೆರಗಿನೊಳಗೆ ಬೆರಳಿಟ್ಟಿದ್ದೆ. ಅದು ಮೆಲ್ಲಗೆ ಪಕ್ಕಕ್ಕೆ ಜಾರಿ, ಮತ್ತೆ ಬಂದು ಒತ್ತಿತ್ತು. ಇದನ್ನು ಡಾಕ್ಟರಮ್ಮನಿಗೆ ಹೇಳಲಿಲ್ಲ.

ಡಾಕ್ಟರಮ್ಮ ಹೇಳಿದ ದಿನಗಳ ಲೆಕ್ಕವನ್ನು ಅತ್ತೆಗೂ ಹೇಳಬಾರದೆಂದು ನಾವಿಬ್ಬರು ಮಾತಾಡಿಕೊಂಡಿದ್ದೆವು. ಹೂಳುವ ಮೊದಲು ಮಗುವನ್ನು ಮೀಯಿಸಿದ್ದು ಅವರೇ ಎಂಬುದು ನಮಗೆ ಹೊಳೆದಿರಲಿಲ್ಲ.

ಕೆಲವು ವರ್ಷಗಳ ಮೇಲೆ ಮತ್ತೆ ಬಸುರಿಯಾದೆ. ಎಂಟನೇ ತಿಂಗಳಿಗೆ ಮತ್ತೆ ಅಯ್ಯನವರು ಬಂದರು. ಅಂದು ಬೆಳಗಿನಿಂದ ಹೊಟ್ಟೆಯಲ್ಲಿ ಒಂದೇ ಸಮನೆ ಗಲಾಟೆ. ಅತ್ತೆ ಲಿಂಗ ಮುಟ್ಟಿಸಿದ ತಕ್ಷಣ ಎಲ್ಲ ನಿಂತುಹೋಯಿತು. ಅತ್ತೆ ಕೈ ತೆಗೆಯಲಿಲ್ಲ. ಎಷ್ಟು ಹೊತ್ತು ಕಾದರೂ ಏನೂ ಇಲ್ಲ. ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಉಟ್ಟ ಸೀರೆಯಲ್ಲೇ ಎದ್ದು ಆಟೋ ಹತ್ತಿದೆ, ಅತ್ತೆಯೂ ಹತ್ತಿದರು. ಆಸ್ಪತ್ರೆಯಲ್ಲಿ ಯಂತ್ರ ಇಟ್ಟ ಕೂಡಲೇ ಎದೆಬಡಿತ ಕೋಣೆ ತುಂಬಿತು. ಕೂಸು ಮಲಗಿದೆ ಅಷ್ಟೆ ಎಂದು ಡಾಕ್ಟರು ನಕ್ಕರು. ಅದೇ ಕೂಸು ಈಗ ಶಾಲೆಗೆ ಹೋಗುವ ನನ್ನ ಮಗಳು, ಮಲಗಿದ್ದಾಗ ಬಿಟ್ಟರೆ ಅವಳ ಬಾಯಿಗೆ ಬಿಡುವಿಲ್ಲ.

ವಾಪಸು ಬರುವಾಗ ನಾನು ಸಂತೋಷಕ್ಕೆ ಅಳುತ್ತಿದ್ದೆ. ಅತ್ತೆ ಮಾತ್ರ ತಮ್ಮ ಅಂಗೈಯನ್ನೇ ನೋಡುತ್ತ ಕೂತಿದ್ದರು. ಮನೆ ಹತ್ತಿರ ಬಂದಾಗ ಮೆಲ್ಲಗೆ ಕೇಳಿದರು:

"ಜೀವ ಇದ್ದ ಕೂಸು ಸುಮ್ಮ ಇತ್ತು. ಅಂದು ಅವನ ಮೈ ತೊಳದಾಕಿ ನಾ, ಚರ್ಮ ನೋಡೀನಿ. ನಾ ಹೆಣಕ್ಕ ಲಿಂಗ ಕಟ್ಟಿದೆನೇನವ್ವಾ?"

ಇಷ್ಟು ವರ್ಷ ಅವರು ಅದನ್ನು ಒಬ್ಬರೇ ಹೊತ್ತುಕೊಂಡಿದ್ದರು. ನಾನು ಅವರ ಅಂಗೈ ಹಿಡಿದುಕೊಂಡೆ.

"ಇಲ್ಲ ಅತ್ತಿ, ಅಂವನೇ ಒದ್ದಾನ. ನನಗ ಅವನ ಹಿಮ್ಮಡ ಗೊತ್ತದ" ಎಂದೆ.

ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ಆದರೆ ಸುಳ್ಳು ಹೇಳಿದೆ ಎಂದು ನನಗೆ ಇವತ್ತಿನವರೆಗೂ ಅನ್ನಿಸಿಲ್ಲ.