ಡೆಲ್ಫಾ ಟ್ರೆಸ್ಲರ್ ತನ್ನ ಮನೆ ಎಳೆದದ್ದು

ಗಾಡಿಯ ಹಿಂದಿನ ಕೊಕ್ಕೆ ಎಷ್ಟೇ ಗಟ್ಟಿಯಿರಲಿ, ಅದನ್ನು ಬಿಗಿದ ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ತುಕ್ಕು ಹಿಡಿದಿದ್ದರೆ ಅದನ್ನು ನಂಬಿ ಏನನ್ನೂ ಎಳೆಯಬಾರದು. ಪಿಕಪ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರಬೇಕು. ಡೆಲ್ಫಾ ಟ್ರೆಸ್ಲರ್‌ಗೆ ಗೊತ್ತಿತ್ತು. ಅವಳಿಗೆ ಗೊತ್ತಿಲ್ಲದ್ದು ಇನ್ನೊಂದು. ಅದು ನಮಗೂ ಗೊತ್ತಿರಲಿಲ್ಲ. ಆದರೂ ಬುದ್ಧಿ ಹೇಳಲು ಹೋದೆವು.

ಇಪ್ಪತ್ತೆರಡು ವರ್ಷದಿಂದ ಡೆಲ್ಫಾ ನಮ್ಮ ಶಾಲೆಯ ಅಡುಗೆಮನೆಯಲ್ಲಿದ್ದಾಳೆ. ಗುರುವಾರ ಬಂತೆಂದರೆ ಖಾರದ ಮಾಂಸದ ಚಿಲಿ, ಜೊತೆಗೆ ದಾಲ್ಚಿನ್ನಿಯ ಸುರುಳಿ ಬನ್ನು. ಈ ವಯೋಮಿಂಗ್ ಗಾಳಿಗೆ ಎದೆಯೊಡ್ಡಿ ನಮ್ಮ ಮಕ್ಕಳು ಬೆಳೆದದ್ದು ಅದನ್ನು ತಿಂದೇ. ಗಂಡ ರಾಯ್ಸ್ ಸತ್ತ ಮೇಲೆ ಅವಳಿಗೆ ಉಳಿದದ್ದು ಅವನ ಹಳೆಯ ಪಿಕಪ್ಪು, ರೈಲು ಹಳಿಯಾಚೆಯ ಬಯಲಿನಲ್ಲಿ ನಿಂತಿದ್ದ ಇಪ್ಪತ್ತಾರು ಅಡಿಯ ಗಾಲಿಮನೆ, ಅಷ್ಟೇ.

ಆ ಬಯಲನ್ನು ಯಾವುದೋ ಕಂಪನಿ ಕೊಂಡಿತು. ಅಲ್ಲಿದ್ದ ಹತ್ತೂ ಗಾಲಿಮನೆಗಳ ಬಾಗಿಲಿಗೆ ಜಾಗ ಖಾಲಿ ಮಾಡಿ ಎಂಬ ಕಾಗದ ಅಂಟಿಸಿತು. ದಾರಿಗೆ ಅಡ್ಡವಾಗಿದ್ದ ಡೆಲ್ಫಾಳ ಮನೆಗೆ ಕಳೆದ ಶನಿವಾರ ಮಧ್ಯಾಹ್ನದ ಗಡುವು, ಒಳಗಿನ ಒಂಬತ್ತಕ್ಕೆ ಬರುವ ಶನಿವಾರ. ಗಡುವಿನ ಮೇಲೂ ನಿಂತಿದ್ದನ್ನು ಯಂತ್ರ ಪುಡಿ ಮಾಡುತ್ತದೆಯಂತೆ. ಮನೆ ಎಳೆಯುವ ಲಾರಿಯವನಿಗೆ ಡೆಲ್ಫಾ ಆರು ಸಲ ಫೋನು ಮಾಡಿದಳು. "ಕ್ರಿಸ್‌ಮಸ್ ಕಳೀಲಿ ತಾಯಿ" ಎಂದ.

"ಹಂಗಾದ್ರೆ ನಾನೇ ಎಳೀತೀನಿ" ಎಂದಳು. ಹನ್ನೊಂದು ಮೈಲಿಯಾಚೆ ನಾದಿನಿಯ ಹುಲ್ಲುಗಾವಲಿತ್ತು.

ಪಿಕಪ್ಪಿನ ಬಂಪರಿನಲ್ಲಿ ಇದ್ದದ್ದು ದೋಣಿಯ ಗಾಡಿ ಸಿಕ್ಕಿಸಿ ಎಳೆಯುವ ಒಂದು ಸಣ್ಣ ಕಬ್ಬಿಣದ ಗುಂಡು. ಬಿಡಿಭಾಗದ ಅಂಗಡಿಯ ಹಾರ್ಲನ್ ಅದನ್ನು ನೋಡಿ ನಕ್ಕ. "ಮನೆ ತೂಕ ಏಳು ಸಾವಿರ ಪೌಂಡು. ಬಂಪರ್ ಕಿತ್ಕೊಂಡು ಬರುತ್ತೆ ಅಷ್ಟೇ. ಚಾಸಿಗೇ ಬೋಲ್ಟ್ ಹಾಕೋ ದೊಡ್ಡ ಕೊಕ್ಕೆ ಬೇಕು. ಮಂಗಳವಾರ ತರಿಸಿಕೊಡ್ತೀನಿ."

"ಮಂಗಳವಾರ ನನ್ನ ಮನೇನ ಚೀಲದಲ್ಲಿ ತುಂಬ್ಕೊಂಡು ಬರ್ತೀನಿ, ಆಗ ಹಾಕ್ಕೊಡು" ಎಂದು ಹೊರಬಿದ್ದಳು.

ಗುಜರಿ ಅಂಗಳದಲ್ಲಿ ಅದೇ ಮಾದರಿಯ ಮುರಿದ ಪಿಕಪ್ಪುಗಳಲ್ಲಿ ಎರಡು ಕೊಕ್ಕೆ ಸಿಕ್ಕವು. ಒಂದಕ್ಕೆ ಹೊಸ ಕಪ್ಪು ಬಣ್ಣ ಮೆತ್ತಿತ್ತು. "ಇದು ಚರ್ಚನ್ನೇ ಎಳೆಯುತ್ತೆ ಕಣಮ್ಮ" ಎಂದ ಗುಜರಿಯವನು. "ಎಳೆಯೋ ಭಾರ ಎಲ್ಲಿ ಬರ್ದಿದೆ?" ಎಂದು ಕೇಳಿದಳು. ಬರೆದಿರಲಿಲ್ಲ. ಇನ್ನೊಂದರ ತಗಡಿನ ಮೇಲೆ ಬೆರಳು ದಪ್ಪದ ಜಿಡ್ಡು. ಶಾಲೆಯ ಒಲೆ ತೊಳೆಯುವ ಮದ್ದು ಹಚ್ಚಿ ಉಜ್ಜಿದಳು. ಹತ್ತು ಸಾವಿರ ಪೌಂಡು ಎಂಬ ಅಂಕಿ ಕಾಣಿಸಿತು. ಅದನ್ನೇ ತಂದಳು.

ಶುಕ್ರವಾರ ಬೆಳಗ್ಗೆ ಹೆಪ್ಪುಗಟ್ಟಿದ ಜಲ್ಲಿಯ ಮೇಲೆ ರಟ್ಟು ಹಾಸಿ ಪಿಕಪ್ಪಿನಡಿಗೆ ತೂರಿದಳು. ಪಕ್ಕದ ಗಾಲಿಮನೆಯ ಲೀಲಂಡ್ ಇನ್ನೊಂದು ಕಡೆಯಿಂದ ತೂರಿದ. ಕೊಕ್ಕೆಯ ಭಾರವನ್ನು ಜಾಕಿನ ಮೇಲೆ ಎತ್ತಿ ಹಿಡಿದವನು ನಾನು. ಡೆಲ್ಫಾ ಸುತ್ತಿಗೆಯಿಂದ ಚಾಸಿಯನ್ನು ತಟ್ಟುತ್ತ ಹೋದಳು. ಎಡಗಡೆ ಗಂಟೆಯ ಹಾಗೆ ನುಡಿಯಿತು. ಬಲಗಡೆ ಪದರಪದರವಾಗಿ ತುಕ್ಕು ಉದುರಿತು. ಒಳಗಿನ ಕಬ್ಬಿಣ ಗಟ್ಟಿಯಿತ್ತೋ ಇಲ್ಲವೋ, ಮೂವರಲ್ಲಿ ಯಾರೂ ಆಣೆ ಮಾಡುವ ಹಾಗಿರಲಿಲ್ಲ.

"ಬೇಡ ಅಂದ್ರೆ ಈಗಲೇ ಹೇಳು" ಎಂದ ಲೀಲಂಡ್.

"ಬೇಡ ಅಂದ್ರೆ ನಾಳೆ ನಿನ್ನ ಸೋಫಾ ಮೇಲೆ ಮಲಗ್ತೀನಿ. ನಿನ್ನ ಹೆಂಡ್ತೀನ ಕೇಳ್ಕೊಂಡು ಬಾ."

ಕೈ ಹೋಗದ ಕಡೆಗಳಲ್ಲಿ ತಂತಿಯ ಸುರುಳಿಗೆ ಬೋಲ್ಟು ಸಿಕ್ಕಿಸಿ ಚಾಸಿಯೊಳಗಿಂದ ಎಳೆದು ತೂತಿಗೆ ಕೂರಿಸಿದರು. ಆರು ಬೋಲ್ಟು. "ಕಿರ್ ಅನ್ನೋವರೆಗೂ ತಿರುಗ್ಸು, ಸಾಕು" ಎಂದ ಲೀಲಂಡ್. ಅವಳು ಕೇಳಲಿಲ್ಲ. ಬಿಗಿಯ ಅಳತೆ ತೋರಿಸುವ ಸ್ಪ್ಯಾನರನ್ನು ಶಾಲಾ ಬಸ್ಸಿನ ಶೆಡ್ಡಿನಿಂದ ತಂದು, ಒಂದೊಂದನ್ನೂ ಎರಡೆರಡು ಸಲ ಬಿಗಿದಳು.

ಸಂಜೆ ಮನೆಯ ಮುಂದೆ ಚಾಚಿದ ಮೂತಿಯನ್ನು ಕೊಕ್ಕೆಯ ಗುಂಡಿನ ಮೇಲೆ ಇಳಿಸಿದಾಗ ಪಿಕಪ್ಪಿನ ಹಿಂಭಾಗ ಕುಸಿಯಿತು. ಡೆಲ್ಫಾಳ ಮುಖವೂ ಇಳಿಯಿತು. "ಆ ತುಕ್ಕು ಇಷ್ಟು ಭಾರ ತಡೆಯಲ್ಲ."

"ಮುಂದಿನ ಭಾರ ತೆಗೆದು ಹಿಂದಕ್ಕೆ ಹಾಕು" ಎಂದ ಲೀಲಂಡ್. "ಮೂತಿ ಹಗುರ ಇದ್ರೆ ಕೊಕ್ಕೆಗೆ ಸುಖ. ನಮ್ಮಪ್ಪ ಹಂಗೇ ಮಾಡ್ತಿದ್ದ."

ನಾನೂ ತಲೆಯಾಡಿಸಿದೆ. ನಮ್ಮಪ್ಪನೂ ಹಾಗೇ ಮಾಡುತ್ತಿದ್ದ. ಜಿಂಕೆ ಮಾಂಸ ತುಂಬಿದ ಫ್ರೀಜರು, ರಾಯ್ಸನ ಹತ್ಯಾರದ ಪೆಟ್ಟಿಗೆ, ನಲವತ್ತು ಜಾಡಿ ಪೀಚ್ ಹಣ್ಣು, ಎಲ್ಲವನ್ನೂ ಹಿಂದಿನ ಮಲಗುವ ಕೋಣೆಗೆ ಹೊತ್ತೆವು. ಪಿಕಪ್ಪು ಮೇಲೆದ್ದಿತು. ಡೆಲ್ಫಾ ನಮ್ಮಿಬ್ಬರಿಗೂ ಬನ್ನು ಕೊಟ್ಟಳು.

ಶನಿವಾರ ಹತ್ತು ಗಂಟೆಗೆ ಹೊರಟಳು. ಲೀಲಂಡ್ ಮತ್ತು ನಾನು ಕಾರಿನಲ್ಲಿ ಹಿಂದೆ. ಮೂರನೆಯ ಮೈಲಿಯ ಇಳಿಜಾರಿನಲ್ಲಿ ಅಡ್ಡಗಾಳಿ ಹೊಡೆಯಿತು. ಮನೆಯ ಹಿಂಭಾಗ ಒಮ್ಮೆ ಎಡಕ್ಕೆ ತೂಗಿತು, ಮತ್ತೆ ಬಲಕ್ಕೆ. ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದು. "ಬ್ರೇಕ್ ಒತ್ತಬೇಡ, ಒತ್ತಬೇಡ" ಎಂದು ಲೀಲಂಡ್ ಗಾಜಿನೊಳಗಿಂದ ಕೂಗುತ್ತಿದ್ದ. ಅವಳು ಒತ್ತಿದಳು. ಯಾರಾದರೂ ಒತ್ತುತ್ತಾರೆ. ಮನೆ ಪಕ್ಕಕ್ಕೆ ಮಲಗಿತು. ಪಿಕಪ್ಪನ್ನೂ ಅಡ್ಡಕ್ಕೆ ಎಳೆದುಕೊಂಡು ಚರಂಡಿಗೆ ಜಾರಿತು.

ಡೆಲ್ಫಾ ಬಾಗಿಲು ಒದ್ದು ಇಳಿದಳು. ಹಣೆಯಲ್ಲಿ ರಕ್ತ. ಮನೆಯತ್ತ ನೋಡಲಿಲ್ಲ. ನೇರ ಪಿಕಪ್ಪಿನಡಿಗೆ ಬಗ್ಗಿದಳು.

"ಒಂದೂ ಸಡಿಲ ಆಗಿಲ್ಲ ಕಣೋ ಲೀಲಂಡ್. ಆರಕ್ಕೆ ಆರೂ ಹಂಗೇ ಇವೆ." ಆಮೇಲೆ ಹುಲ್ಲಿನ ಮೇಲೆ ಕೂತಳು. "ಎಲ್ಲಿಗೆ ಹೋಗ್ಲಿ ಈಗ?"

ಲೀಲಂಡ್ ಪೊಲೀಸರಿಗೆ ಫೋನು ಮಾಡಿದ.

ಹೆದ್ದಾರಿ ಪೊಲೀಸಿನವನು ಒಡೆದ ಕಿಟಕಿಯಲ್ಲಿ ಇಣುಕಿದ. "ಭಾರವೆಲ್ಲ ಹಿಂದೆ ಹಾಕಿದ್ದು ಯಾರು?" ಎಂದ. ಮನೆಯ ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಕೊಕ್ಕೆಯ ಮೇಲೆ ಕೂರಬೇಕಂತೆ, ಇಲ್ಲದಿದ್ದರೆ ಮನೆಯೇ ಗಾಡಿಯನ್ನು ಆಡಿಸುತ್ತದಂತೆ. ಅವಳು ಕಬ್ಬಿಣಕ್ಕೆ ಹೆದರಿದ್ದಳು. ಕಬ್ಬಿಣ ಅವಳಿಗೆ ಮೋಸ ಮಾಡಲಿಲ್ಲ. ಬಿಟ್ಟಿ ಬುದ್ಧಿ ಹೇಳಿದ ನಾವು ಮಾಡಿದೆವು. ಅದಕ್ಕೂ ಮೊದಲು, ಅರವತ್ತೊಂದರ ಹೆಂಗಸೊಬ್ಬಳು ಮನೆ ಉಳಿಸಿಕೊಳ್ಳಲು ಹೆಪ್ಪುಗಟ್ಟಿದ ಜಲ್ಲಿಯ ಮೇಲೆ ಅಂಗಾತ ಮಲಗುವ ಹಾಗೆ ಮಾಡಿದ್ದು ಆ ಕಾಗದ. ಅದಕ್ಕೆ ಸಹಿ ಹಾಕಿದವನು ಈ ಊರನ್ನು ಕಣ್ಣಿಂದಲೂ ನೋಡಿಲ್ಲ. ಆ ದಿನ ಚರಂಡಿಯ ಪಕ್ಕ ನಿಧಾನ ಮಾಡಿ, ನೋಡಿ, ಮುಂದೆ ಹೋದ ದೊಡ್ಡ ಪಿಕಪ್ಪುಗಳನ್ನು ನಾನು ಎಣಿಸಿದೆ. ಹದಿನೇಳು. ಯಾರದ್ದೆಂದು ನನಗೆ ಗೊತ್ತು, ಊರಿನವರೇ, ನಿಮಗೂ ಗೊತ್ತು.

ಆ ಬಯಲಿನಲ್ಲಿ ಇನ್ನೂ ಒಂಬತ್ತು ಮನೆಗಳಿವೆ. ಲೀಲಂಡನದ್ದೂ ಒಂದು. ಬರುವ ಶನಿವಾರ ಬೆಳಗ್ಗೆ ಏಳಕ್ಕೆ ನಿಮ್ಮ ಪಿಕಪ್ಪು ತಂದು ಅಲ್ಲಿ ನಿಲ್ಲಿಸಿ. ಬುದ್ಧಿ ಹೇಳಬೇಡಿ, ಎಳೆಯಿರಿ.