ಸೋದರಮಾವ ಕೇಳದ ಪ್ರಶ್ನೆ

ಯಾಸಿಂಬೊಳ ಅಂಗಳದಲ್ಲಿ ಸೂತಕದ ಚಾಪೆ ಇನ್ನೂ ಹಾಸಿಯೇ ಇದೆ. ಅದರ ಮೇಲೆ ಮಳೆಗಾಲಗಳೇ ಹೋದವು. ಅಂಚು ಕಿತ್ತುಬಂದಿದೆ, ಕೋಳಿಗಳು ಅದರ ಮೇಲೇ ಕೆದಕುತ್ತವೆ, ಆದರೂ ಅವಳು ಸುತ್ತಿಡುವುದಿಲ್ಲ. ಸುತ್ತಿಡುವುದು ಅವಳ ಕೈಯಲ್ಲೂ ಇಲ್ಲ. ನಮ್ಮಲ್ಲಿ ಸತ್ತವನ ಸೋದರಮಾವ ಬರಬೇಕು. ತಂದೆ ಕಡೆಯ ಹಿರಿಯನನ್ನು ಎದುರಿಗೆ ನಿಲ್ಲಿಸಿಕೊಂಡು, "ನನ್ನ ಅಕ್ಕನ ಮಗನನ್ನ ನಿಮ್ಮ ಕೈಗೆ ಕೊಟ್ಟಿದ್ದೆ. ಅವನನ್ನ ಯಾರು ಕೊಂದರು?" ಎಂದು ಎಲ್ಲರ ಮುಂದೆ ಕೇಳಬೇಕು. ಜ್ವರ ಕೊಂದಿರಲಿ, ಹಾವು ಕೊಂದಿರಲಿ, ಹೊಳೆ ಕೊಂದಿರಲಿ, ಆ ಹಿರಿಯ ಅದರ ಹೆಸರು ಹೇಳಬೇಕು. ಮಾವ "ಕೇಳಿದೆ" ಅನ್ನಬೇಕು. ಆಮೇಲೆ ಮಣ್ಣು. ಆಮೇಲೆ ಚಾಪೆ ಸುತ್ತಿ, ತಾಯಿ ತಲೆ ಬೋಳಿಸಿಕೊಂಡು, ಮಿಂದು, ಮತ್ತೆ ಸಂತೆಗೆ ಹೋಗಬಹುದು. ಅದಾಗುವವರೆಗೆ ಸತ್ತವನನ್ನು ಸತ್ತವರೂ ಸೇರಿಸಿಕೊಳ್ಳುವುದಿಲ್ಲ.

ಯಾಸಿಂಬೊಳ ಮಗ ಎವ್ರಾರ್‌ಗೆ ಇದ್ದವನು ಒಬ್ಬನೇ ಸೋದರಮಾವ. ಅವನು ಆಗ ದೇಶದ ಪ್ರಧಾನಮಂತ್ರಿಯಾಗಿದ್ದ.

ನಾವು ಉವಾಂಗೊ ಕೇರಿಯವರು, ರಾಜಧಾನಿ ಬಂಗಿ ಪಟ್ಟಣದ ಹೊಳೆಯಂಚಿನವರು. ನನ್ನ ಬೇಲಿಗೂ ಯಾಸಿಂಬೊಳ ಬೇಲಿಗೂ ನಡುವೆ ಒಂದು ಮಾವಿನ ಮರ. ಈ ಕಡೆ ನಾನು ಬೆಳಿಗ್ಗೆ ಬೋಂಡ ಕರಿಯುತ್ತೇನೆ, ಆ ಕಡೆ ಅವಳು ಮರಗೆಣಸು ಸುಲಿಯುತ್ತಿದ್ದಳು. ತಾಯಿ ತೀರಿಕೊಂಡಾಗ ಅವಳಿನ್ನೂ ಎದೆ ಬಾರದ ಹುಡುಗಿ, ತಮ್ಮ ಸೆವೆರಿನ್ ಬೆನ್ನ ಮೇಲಿನ ಕೂಸು. ಮರಗೆಣಸನ್ನು ಉಬಂಗಿ ಹೊಳೆಯಲ್ಲಿ ನೆನೆಹಾಕಿ, ಸೊಂಟದ ಮಟ್ಟ ನೀರಿನಲ್ಲಿ ನಿಂತು ತೊಳೆದು, ಒಣಗಿಸಿ, ಕುಟ್ಟಿ, ಹಿಟ್ಟು ಮಾರಿ ಅವನನ್ನು ಓದಿಸಿದಳು. ಅವಳ ಕಾಲುಗುರುಗಳು ಆಗಲೇ ಉದುರಿಹೋದವು. ಅವನು ಪರದೇಶಕ್ಕೂ ಹೋಗಿ ಓದಿ ಬಂದ. ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸುವ ಪ್ರೊಫೆಸರ್ ಆದ. ಇದ್ದದ್ದು ಒಂದೇ ಕಂದು ಕೋಟು. ಪ್ರತಿ ಭಾನುವಾರ ಅದನ್ನು ಹಾಕಿಕೊಂಡು ಅಕ್ಕನ ಮನೆಗೆ ಮರಗೆಣಸಿನ ಹಿಟ್ಟಿನ ಮುದ್ದೆ ಉಣ್ಣಲು ಬರುತ್ತಿದ್ದ. ಜೊತೆಗೆ ಶೇಂಗಾ ಅರೆದು ಹಾಕಿದ ಮರಗೆಣಸಿನ ಸೊಪ್ಪು. ಕಾಡಿನ ಕಂಬಳಿಹುಳು ಸಿಗುವ ಕಾಲವಾದರೆ ಹುರಿದ ಹುಳು.

ಎವ್ರಾರ್ ಅವನಿಗಾಗಿಯೇ ಕಾಯುತ್ತಿದ್ದ. ಅವನು ಬಾಡಿಗೆ ಮೋಟರ್‌ಸೈಕಲ್ ಓಡಿಸುವವನು, ಹಿಂದೆ ಜನರನ್ನು ಕೂರಿಸಿಕೊಂಡು ಊರೆಲ್ಲ ಸುತ್ತುವವನು. ನಮ್ಮಲ್ಲಿ ಸೋದರಳಿಯ ಮಾವನ ಮನೆಯಿಂದ ಏನು ತೆಗೆದುಕೊಂಡರೂ ಅದು ಕಳವಲ್ಲ. ಕೋಳಿ ಹಿಡಿದರೂ ಮಾವ ಕೇಳುವಂತಿಲ್ಲ. ಮಾವನನ್ನು ನಾವು ಕೋಯಾ ಅನ್ನುತ್ತೇವೆ.

"ಕೋಯಾ, ನಿಮ್ಮ ಬೂಟು ನನ್ನ ಕಾಲನ್ನೇ ನೋಡ್ತಾ ಐತೆ," ಎಂದ ಒಂದು ಭಾನುವಾರ.

"ಹೋದ ಸಲ ಬೆಲ್ಟು ನೋಡ್ತು, ಅದಕ್ಕೂ ಮುಂಚೆ ರೇಡಿಯೋ ನೋಡ್ತು. ನಿನ್ನ ಕಣ್ಣು ಬೀಳದೆ ಉಳಿದಿರೋದು ನನ್ನ ಬೋಳು ತಲೆ ಒಂದೇ ಕಣೋ."

"ಅದು ಎಲ್ಲಿಗೆ ಹೋಗತ್ತೆ ಕೋಯಾ? ವಯಸ್ಸಾದ್ಮೇಲೆ ತಾನಾಗೇ ನಂಗೆ ಬರತ್ತೆ."

ಯಾಸಿಂಬೊ ಮುದ್ದೆ ತಿರುವುತ್ತಾ, "ಬಿಚ್ಚಿ ಕೊಡು ಪ್ರೊಫೆಸರೇ," ಎಂದಳು. "ಅಳಿಯ ಕೇಳಿದ್ದು ಕೊಡ್ಬೇಕು ಅಂತ ನಿನ್ನ ದಪ್ಪ ಪುಸ್ತಕದಲ್ಲಿ ಬರ್ದಿಲ್ವಾ?"

"ಬರ್ದಿದ್ರೆ ನಾನು ಕಾನೂನು ಓದ್ತಾನೇ ಇರ್ಲಿಲ್ಲ ಅಕ್ಕ."

ಆ ಸಂಜೆ ಪ್ರೊಫೆಸರ್ ಅಕ್ಕನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ. ಹಿಮ್ಮಡಿ ಹೊರಗೆ ಬಿದ್ದಿತ್ತು. ಬೀದಿಯೆಲ್ಲ ನಕ್ಕಿತು.

ಆಮೇಲೆ ಜಗಳದ ವರ್ಷಗಳು ಬಂದವು. ಬಡಗಲಿಂದ ಬಂದ ಬಂದೂಕಿನವರು ಒಂದು ಕಡೆ, ಕಾಡಿನಿಂದ ಎದ್ದ ಮಚ್ಚಿನವರು ಇನ್ನೊಂದು ಕಡೆ. ನಡುವೆ ನಾವು. ಪ್ರೊಫೆಸರ್ ರೇಡಿಯೋದಲ್ಲಿ ಕೂತು ಇಬ್ಬರಿಗೂ ಪ್ರಶ್ನೆ ಹಾಕುತ್ತಿದ್ದ. ಊರು ಸುಟ್ಟವನು ಯಾರು, ಬಂದೂಕು ತಂದುಕೊಟ್ಟವನು ಯಾರು, ಹೆಸರು ಹೇಳಿ ಎನ್ನುತ್ತಿದ್ದ. ಸಂತೆಯಲ್ಲಿ ಹೆಂಗಸರು ವ್ಯಾಪಾರ ನಿಲ್ಲಿಸಿ ಕೇಳುತ್ತಿದ್ದರು. ಕೊನೆಗೆ ಹೊರದೇಶದವರು ಎಲ್ಲರನ್ನೂ ಒಂದು ಮೇಜಿಗೆ ಕೂರಿಸಿದಾಗ ಪ್ರಧಾನಮಂತ್ರಿ ಯಾರಾಗಬೇಕೆಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು, ಉಳಿದವರು ಅದನ್ನು ಹೊಡೆದುಹಾಕಿದರು. ಉಳಿದದ್ದು ಪ್ರೊಫೆಸರ್ ಸೆವೆರಿನ್ ಯಕೊಂಡೊನ ಹೆಸರು. ಅವನ ಹಿಂದೆ ಒಂದು ಬಂದೂಕೂ ಇರಲಿಲ್ಲ. ಅದಕ್ಕೇ ಎಲ್ಲರೂ ಒಪ್ಪಿದರು.

ಸುದ್ದಿ ಬಂದಾಗ ನಾವು ಹೆಂಗಸರು ಗಂಟಲು ಹರಿಯುವ ಹಾಗೆ ನಾಲಿಗೆ ಹೊರಳಿಸಿ ಸಂಭ್ರಮದ ಕೂಗು ಹಾಕಿದೆವು. ಯಾಸಿಂಬೊ ಮಾತ್ರ ಚಾಕು ಕೆಳಗಿಡಲಿಲ್ಲ.

"ಏಳೇ, ಕುಣಿಯೇ! ನಿನ್ನ ತಮ್ಮ ರಾಜನಾದ," ಎಂದೆ.

"ಮೊಸಳೆಗಳ ನಡುವೆ ಮೇಕೆ ಕಟ್ಟಿದ್ರೆ ಮೇಕೆ ರಾಜ ಆಗ್ತದಾ?" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಭಾನುವಾರ ಊಟಕ್ಕೆ ಬರ್ತಾನಂತಾ, ಕೇಳು."

ಆ ಭಾನುವಾರ ಬರಲಿಲ್ಲ. ಮುಂದಿನದಕ್ಕೂ ಇಲ್ಲ. ಅವಳೇ ಮುದ್ದೆಯನ್ನು ಎಲೆಯಲ್ಲಿ ಕಟ್ಟಿ ಬುಟ್ಟಿಯಲ್ಲಿಟ್ಟುಕೊಂಡು ಅವನ ದೊಡ್ಡ ಮನೆಗೆ ಹೋದಾಗ ಕಾವಲಿನವರು ಎಲೆ ಬಿಚ್ಚಿಸಿ ಮುದ್ದೆಗೆ ಕಡ್ಡಿ ಚುಚ್ಚಿ ನೋಡಿದರಂತೆ. ಮತ್ತೆ ಹೋಗಲಿಲ್ಲ.

ಎವ್ರಾರ್ ಹೋಗುತ್ತಲೇ ಇದ್ದ. ಮಾವನ ಜೊತೆ ಫೋಟೋ ತೆಗೆಸಿಕೊಂಡು ಬೀದಿಗೆಲ್ಲ ತೋರಿಸಿದ. ಒಂದು ದಿನ ಮೀನು ಮಾರುವವಳೊಬ್ಬಳನ್ನು ಹಿಂದೆ ಕೂರಿಸಿಕೊಂಡು ಹೊಳೆಗುಂಟ ಮೇಲಕ್ಕೆ ಹೋಗುವ ದಾರಿ ಹಿಡಿದ. ಆ ದಾರಿ ಆಗ ಜನರಲ್ ಸುತ್ತಿಗೆ ಎಂಬವನ ಕೈಯಲ್ಲಿತ್ತು. ಅವನು ಯಾವ ಸೈನ್ಯಕ್ಕೂ ಜನರಲ್ ಅಲ್ಲ, ಆ ಹೆಸರನ್ನು ತಾನೇ ಇಟ್ಟುಕೊಂಡಿದ್ದ. ಅವನ ಹುಡುಗರು ದಾರಿಗೆ ಅಡ್ಡ ಹಗ್ಗ ಕಟ್ಟಿ ಬಂದವರನ್ನೆಲ್ಲ ಸುಲಿಯುತ್ತಿದ್ದರು. ಎಲ್ಲರೂ ತಲೆ ತಗ್ಗಿಸಿ ಕೊಟ್ಟು ಹೋಗುವ ಜಾಗ ಅದು. ಎವ್ರಾರ್ ತಗ್ಗಿಸಲಿಲ್ಲ. "ಹಗ್ಗ ಬಿಚ್ರೋ. ಪ್ರಧಾನಮಂತ್ರಿ ನನ್ನ ಕೋಯಾ," ಎಂದು ಫೋಟೋ ತೋರಿಸಿದನಂತೆ. ಮಾವನ ಬೂಟು ತನ್ನದು, ಬೆಲ್ಟು ತನ್ನದು, ಹೆಸರೂ ತನ್ನದೇ ಎಂದುಕೊಂಡ. ಆ ಹೆಸರೇ ಅವರನ್ನು ಕೆರಳಿಸಿತು; ಬೇರೆ ಯಾರ ಹೆಸರು ಹೇಳಿದ್ದರೂ ಎರಡು ಏಟು ಹಾಕಿ ಬಿಡುತ್ತಿದ್ದರೋ ಏನೋ.

ಅದೇ ವಾರ ಜಗಳ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಜನರಲ್ ಸುತ್ತಿಗೆ ಪಶುಪಾಲನೆಯ ಮಂತ್ರಿಯಾದ ಎಂದು ರೇಡಿಯೋ ಹೇಳಿತು. ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತಿದ್ದವರಲ್ಲಿ ಒಬ್ಬಳು, "ದನ ಕದ್ದೋನಿಗೇ ದನದ ಖಾತೆ. ಅನುಭವ ಬೇಡ್ವಾ ಮತ್ತೆ?" ಎಂದಳು. ನಾವು ನಗುತ್ತಲೇ ಇದ್ದೆವು, ಕೆಳಗೆ ಒಂದು ದೋಣಿ ಬಂದು ದಡ ಮುಟ್ಟಿತು. ಮೀನಿನವಳು ಅದರಲ್ಲಿ ಕೂತಿದ್ದಳು. ತನ್ನ ಮೇಲುಬಟ್ಟೆಯನ್ನು ಎವ್ರಾರ್‌ನ ಹೆಣದ ಮೇಲೆ ಹೊದಿಸಿದ್ದಳು. ಪಾದ ಮಾತ್ರ ಹೊರಗಿತ್ತು, ಬರಿಗಾಲು.

ಯಾಸಿಂಬೊ ಮಗನ ಕಾಲನ್ನು ಸೆರಗಿನಲ್ಲಿ ಒರೆಸಿದಳು. "ಕೋಯಾನಿಗೆ ಹೇಳಿ ಕಳಿಸಿ," ಎಂದಳು.

ಮೀನಿನವಳು ಕಂಡದ್ದನ್ನೆಲ್ಲ ಎವ್ರಾರ್‌ನ ದೊಡ್ಡಪ್ಪ ಕೊಸ್ಸಿಗೆ ಹೇಳಿದಳು. ತಂದೆ ಕಡೆಯಲ್ಲಿ ಉಳಿದಿದ್ದವನು ಆ ಮುದುಕ ಒಬ್ಬನೇ. "ಮಾವ ಕೇಳ್ಲಿ, ನಾನು ಹೇಳ್ತೀನಿ," ಎಂದ ಕೊಸ್ಸಿ. "ಯಾವ ಮಂತ್ರಿಯಾದ್ರೇನು. ಹೆಸರು ಹೇಳೋಕೆ ನಂಗೆ ಇರೋದು ಒಂದು ಬಾಯಿ, ಹೋದ್ರೆ ಹೋಗ್ಲಿ."

ಗುಂಡಿಯನ್ನು ಮಾವಿನ ಮರದಡಿ ತೋಡಿದ್ದರು. ಮಾರನೆಯ ದಿನ ಕಾರುಗಳು ಬಂದವು. ಮೊದಲ ಕಾರಿನಿಂದ ಪ್ರೊಫೆಸರ್ ಇಳಿದ, ನೀಲಿ ಸೂಟಿನಲ್ಲಿ. ಎರಡನೆಯದರಿಂದ ಜನರಲ್ ಸುತ್ತಿಗೆ ಇಳಿದ. ಒಗ್ಗಟ್ಟು ತೋರಿಸಲು ಬಂದಿದ್ದನಂತೆ. ಟೋಪಿ ತೆಗೆದು ಎದೆಗೆ ಹಿಡಿದು ಗಂಡಸರ ಸಾಲಿನಲ್ಲಿ ಕೂತ. ಸರಿದು ಜಾಗ ಕೊಟ್ಟವರು ನಮ್ಮವರೇ.

ಪ್ರೊಫೆಸರ್ ಅಕ್ಕನನ್ನು ಒಳಗೆ ಕರೆದ. ನಾನು ನೀರಿನ ಬಿಂದಿಗೆ ಹಿಡಿದು ಬಾಗಿಲಲ್ಲೇ ಇದ್ದೆ.

"ಅಕ್ಕ, ನಾನು ಕೇಳಿದ್ರೆ ಕೊಸ್ಸಿ ಹೆಸರು ಹೇಳ್ತಾನೆ. ಹೇಳಿದ್ರೆ ಆ ಜನರಲ್ ಎದ್ದು ಹೋಗ್ತಾನೆ. ಅವನು ಹೋದ್ರೆ ಒಪ್ಪಂದ ಹೋಯ್ತು, ನಾಳೆನೇ ಪಟ್ಟಣ ಉರಿಯತ್ತೆ. ಎಷ್ಟು ಜನ ತಾಯಂದಿರು ಚಾಪೆ ಹಾಸ್ಬೇಕಾಗತ್ತೆ, ಯೋಚನೆ ಮಾಡು."

"ನನಗೆ ದೇಶ ಗೊತ್ತಿಲ್ಲಪ್ಪ. ನನ್ನ ಮಗನಿಗೆ ಒಬ್ಬ ಮಾವ ಬೇಕು, ಅಷ್ಟೇ."

"ಮಾವ ಅಲ್ವಾ ನಾನು? ಸ್ವಲ್ಪ ದಿನ ತಡಿ. ಎಲ್ಲ ಗಟ್ಟಿಯಾಗ್ಲಿ. ಆಮೇಲೆ ನಾನೇ ಬಂದು ಕೇಳ್ತೀನಿ."

"ಮರಗೆಣಸನ್ನ ನೀರಲ್ಲಿ ಹೆಚ್ಚು ದಿನ ಬಿಟ್ರೆ ಕೊಳೆತು ನಾರತ್ತೆ ಅಂತ ನಿಂಗೆ ಗೊತ್ತಲ್ಲ?" ಎಂದಳು ಯಾಸಿಂಬೊ. "ಗೊತ್ತಿರತ್ತೆ. ನನ್ನ ಮರಗೆಣಸು ತಿಂದೇ ಓದಿದ್ದು ನೀನು."

ಅವನು ಅವಳ ಕೈ ಹಿಡಿಯಲು ಹೋದ. ಅವಳು ಕೈ ಕೊಡಲಿಲ್ಲ, ಹೊರಗೆ ನಡೆದಳು.

ಅಂಗಳದಲ್ಲಿ ಕೊಸ್ಸಿ ಕೋಲೂರಿ ಎದ್ದು ನಿಂತ. ಪ್ರೊಫೆಸರ್ ಎದುರಿಗೆ ನಿಂತ. ಅಳುತ್ತಿದ್ದವರು ಅಳು ನಿಲ್ಲಿಸಿದರು. ಒಂದು ಮಗು ಕೆಮ್ಮಿದರೆ ಅದರ ಬಾಯಿಗೆ ತಾಯಿ ಕೈ ಹಿಡಿದಳು. ಪ್ರೊಫೆಸರ್ ಗುಂಡಿಯನ್ನು ನೋಡಿದ, ಅಕ್ಕನನ್ನು ನೋಡಿದ. ಟೋಪಿ ಹಿಡಿದು ಕೂತವನ ಕಡೆ ನೋಡಲಿಲ್ಲ. ರೇಡಿಯೋದಲ್ಲಿ ದೇಶವೆಲ್ಲ ಕೇಳುತ್ತಿದ್ದ ಆ ದನಿಯಲ್ಲಿ ಬಾಯಿ ತೆರೆದ.

"ಎಲ್ಲರದೂ ಊಟ ಆಯ್ತಾ?" ಎಂದ.

ಕೊಸ್ಸಿಯ ಬಾಯಿ ತೆರೆದಂತೆಯೇ ಇತ್ತು. ಅಧಿಕಾರಿಯೊಬ್ಬ ಓಡಿಬಂದು, ಅಕ್ಕಿ ಚೀಲ ತಂದಿದ್ದೇವೆ, ಎರಡು ಮೇಕೆಯೂ ಇವೆ ಎಂದ. ನಮ್ಮ ಗಂಡಸರು ಗುದ್ದಲಿ ಮುಟ್ಟಲಿಲ್ಲ. ಕೊನೆಗೆ ಕಾವಲಿನ ಸಿಪಾಯಿಗಳೇ ಗುಂಡಿಗೆ ಮಣ್ಣು ಎಳೆದರು. ಯಾಸಿಂಬೊ ಚಾಪೆಯ ಮೇಲೆ ಹೋಗಿ ಕೂತಳು.

ಸೂತಕದವಳು ಸಂತೆಗೆ ಕಾಲಿಡುವಂತಿಲ್ಲ. ಅವಳ ಹಿಟ್ಟನ್ನು ನಾನೇ ಬೋಂಡದ ಜೊತೆ ಇಟ್ಟು ಮಾರಿಕೊಟ್ಟೆ. ಕೂದಲು ಬೆಳೆದು ಜಡೆಗಟ್ಟಿತು. ನಲ್ಲಿಯ ಹತ್ತಿರ ಹೆಂಗಸರು ಅವಳ ಕಿವಿಗೆ ಬೀಳುವ ಹಾಗೇ, "ತಮ್ಮನ ಕುರ್ಚಿ ಅಲುಗಾಡದೆ ಇರ್ಲಿ ಅಂತ ಮಗನನ್ನ ಬೇಲಿ ಗೂಟದ ಹಾಗೆ ಹೂತಳು," ಎಂದರು. ಅವಳು ಕೊಡ ತುಂಬಿಸಿಕೊಂಡು ಬಂದಳು. ಬೇರೆಯವರ ಮಕ್ಕಳು ಸ್ವಲ್ಪ ಕಾಲ ಗುಂಡಿನ ಸದ್ದಿಲ್ಲದೆ ರಾತ್ರಿ ನಿದ್ದೆ ಮಾಡಿದ್ದೂ ಹೌದು. ಅದನ್ನು ಅವಳೇ ನನಗೆ ಒಮ್ಮೆ ಹೇಳಿದಳು, ಕಲ್ಲು ನುಂಗಿದವಳ ಹಾಗೆ.

ಮಾವು ಹಣ್ಣಾಗುವ ಹೊತ್ತಿಗೆ ಅದೂ ಮುಗಿಯಿತು. ಒಂದು ವಜ್ರದ ಗಣಿ ಯಾರಿಗೆ ಸೇರಬೇಕು ಎಂಬ ಜಗಳದಲ್ಲಿ ಜನರಲ್ ಸುತ್ತಿಗೆ ಖಾತೆ ಎಸೆದು ಕಾಡಿಗೆ ಹೋದ. ಯಾರೂ ಅವನ ಹೆಸರು ಹೇಳಿರಲಿಲ್ಲ, ಆದರೂ ಹೋದ. ಪಟ್ಟಣ ಉರಿಯಿತು. ನಮ್ಮ ಕೇರಿಗೆ ಬಿದ್ದ ಗುಂಡಿನಲ್ಲಿ ಕೊಸ್ಸಿ ತನ್ನ ಬಾಗಿಲಲ್ಲೇ ಬಿದ್ದ. ಎಲ್ಲರೂ ಸೇರಿ ಒಪ್ಪಿದ್ದ ಪ್ರೊಫೆಸರ್‌ನನ್ನು ಎಲ್ಲರೂ ಸೇರಿ ಇಳಿಸಿದರು.

ಒಂದು ಮಧ್ಯಾಹ್ನ ಅವನು ಬಂದ, ನಡೆದುಕೊಂಡು. ಮೈಮೇಲೆ ಅದೇ ಹಳೆಯ ಕಂದು ಕೋಟು, ಕೈಯಲ್ಲೊಂದು ಚೀಲ. ಹೊಳೆ ದಾಟಿ ಆಚೆ ದೇಶಕ್ಕೆ ಹೋಗಲು ದೋಣಿ ಗೊತ್ತು ಮಾಡಿದ್ದ. ಚಾಪೆಯ ಅಂಚಿಗೆ ನಿಂತು, ಬೆನ್ನು ನೆಟ್ಟಗೆ ಮಾಡಿ, ಅಂಗಳ ತುಂಬುವ ಹಾಗೆ ಕೇಳಿದ:

"ನನ್ನ ಅಕ್ಕನ ಮಗನನ್ನ ನಿಮ್ಮ ಕೈಗೆ ಕೊಟ್ಟಿದ್ದೆ. ಅವನನ್ನ ಯಾರು ಕೊಂದರು?"

ಹೇಳಬೇಕಾದವರು ಯಾರೂ ಇರಲಿಲ್ಲ. ತಂದೆ ಕಡೆಯಲ್ಲಿ ಉಳಿದಿದ್ದ ಒಂದೇ ಬಾಯಿಗೆ ನಾವೇ ಮಣ್ಣು ಹಾಕಿದ್ದೆವು. ನಾನು ಹೇಳಿದರೆ ಆಗುವುದಿಲ್ಲ, ತಾಯಿ ಹೇಳಿದರೂ ಆಗುವುದಿಲ್ಲ. ಅವನು ಇನ್ನೊಂದು ಸಲ ಕೇಳಿದ. ಮರದ ಕಡೆಯಿಂದ ಒಂದು ಕೋಳಿ ಕೂಗಿತು, ಅಷ್ಟೇ.

ಹಿಟ್ಟು ಕುಟ್ಟುತ್ತಿದ್ದ ಯಾಸಿಂಬೊ ಒನಕೆ ನಿಲ್ಲಿಸಿದಳು.

"ಊಟ ಆಯ್ತಾ ನಿಂದು?" ಎಂದಳು.

ಕುಟುಕಿ ಕೇಳಿದಳೋ, ಅಕ್ಕನಾಗಿ ಕೇಳಿದಳೋ, ಪಕ್ಕದಲ್ಲೇ ಇದ್ದ ನನಗೂ ತಿಳಿಯಲಿಲ್ಲ. ಎಲೆ ಹಾಸಿ ಮುದ್ದೆ ಇಟ್ಟಳು, ಸೊಪ್ಪು ಬಡಿಸಿದಳು. ಅವನು ಕೂತ. ಮುದ್ದೆ ಮುರಿದ ಕೈ ಬಾಯಿಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಅರ್ಧ ಉಂಡು ಎದ್ದ. ಹೊಳೆಯ ಕಡೆ ಇಳಿಯುವಾಗ ತಿರುಗಿ ನೋಡಿದ. ಅವಳು ಮತ್ತೆ ಒನಕೆ ಎತ್ತಿದ್ದಳು.

ಉಳಿದ ಅರ್ಧ ಮುದ್ದೆಯನ್ನು ಅವಳು ಮಾವಿನ ಮರದ ಕೆಳಗಿನ ಆ ಮಣ್ಣಿನ ಮೇಲೆ ಇಟ್ಟಳು. ಚಾಪೆ ಸುತ್ತಲಿಲ್ಲ. ಸುತ್ತಿಸುವವರು ಇನ್ನು ಯಾರೂ ಬರುವುದಿಲ್ಲ. ಈಗ ಅವಳು ರಾತ್ರಿ ಮಲಗುವುದೂ ಅದರ ಮೇಲೆಯೇ.