ಸಂಧ್ಯಾರಾಣಿಯ ಹಳೆಯ ಲ್ಯಾಪ್‌ಟಾಪ್

ಚನ್ನಗಿರಿಯ ಸಂಧ್ಯಾರಾಣಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಅದು ಹೊಟ್ಟೆಪಾಡು. ಜೀವ ಇರುವುದು ಮಾತ್ರ ರಸ್ಟ್ ಎಂಬ ಹೊಸ ಪ್ರೋಗ್ರಾಮಿಂಗ್ ಭಾಷೆಯ ಮೇಲೆ. ಅದರಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಕಂಪೈಲರ್ ಬಲು ಜಾಣ, ಅಷ್ಟೇ ನಿಧಾನ. ಇವಳ ಹಳೆಯ ಲ್ಯಾಪ್‌ಟಾಪಿನಲ್ಲಂತೂ ಕೇಳುವುದೇ ಬೇಡ. ಬಟನ್ ಒತ್ತಿ ಹೋಗಿ, ಮನೆಮಂದಿಗೆಲ್ಲ ರೊಟ್ಟಿ ಬಡಿದು ಬಂದರೂ ಅದು ಇನ್ನೂ ಉಸ್ಸೆನ್ನುತ್ತ ಕೂತಿರುತ್ತಿತ್ತು. ಜಗಳೂರು, ಹೊನ್ನಾಳಿ ಕಡೆಯಿಂದ ಬರುವ ಅವಳ ವಿದ್ಯಾರ್ಥಿಗಳ ಲ್ಯಾಪ್‌ಟಾಪುಗಳೂ ಅಂಥವೇ. ಕಾದು ಬೇಸತ್ತು ಎಷ್ಟೋ ಮಂದಿ ಆ ಭಾಷೆಯನ್ನೇ ಬಿಟ್ಟಿದ್ದರು.

ಅವಳು ಬಿಡಲಿಲ್ಲ. ಕೆಲಸ ಮುಗಿದ ಸರಕನ್ನೂ ಕಂಪೈಲರ್ ಮೆಮೊರಿಯಲ್ಲೇ ಹೇರಿಕೊಂಡು ಕೂರುತ್ತದೆ ಎಂಬುದನ್ನು ಕಂಡುಹಿಡಿದಳು. ಆಗಾಗ ಇಳಿಸುವಂತೆ ತಿಂಗಳುಗಟ್ಟಲೆ ಕೂತು ತಿದ್ದಿದಳು. ರೊಟ್ಟಿ ಅರ್ಧ ಆಗುವಷ್ಟರಲ್ಲಿ ಕೆಲಸ ಮುಗಿಯತೊಡಗಿತು. ಹಿಗ್ಗಿ ಹೋಗಿ ತಿದ್ದುಪಡಿಯನ್ನು ಕಂಪೈಲರ್ ನೋಡಿಕೊಳ್ಳುವವರಿಗೆ ಕಳಿಸಿದಳು. ಯಾವುದೋ ದೇಶದಲ್ಲಿ ದೈತ್ಯ ಯಂತ್ರಗಳ ಮುಂದೆ ಕೂತ ಅವರು, 'ನಮ್ಮಲ್ಲಿ ವ್ಯತ್ಯಾಸವೇ ಕಾಣುತ್ತಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲೇ, ನಾವು ಹೇಳಿದ ಕ್ರಮದಲ್ಲಿ ಇನ್ನೊಮ್ಮೆ ಅಳೆದು ಕಳಿಸಿ. ಖಚಿತವಾದರೆ ಸೇರಿಸುತ್ತೇವೆ' ಎಂದು ಬರೆದರು.

ಭಾನುವಾರ ಅಳೆಯೋಣ ಎಂದುಕೊಂಡಿದ್ದಳು. ಶನಿವಾರ ಕಾಲೇಜಿನಿಂದ ಬಂದರೆ ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್, ಪಕ್ಕದಲ್ಲಿ ಮುಖವರಳಿಸಿಕೊಂಡ ಮಾವ ವಿರೂಪಾಕ್ಷಪ್ಪ.

"ದಾವಣಗೆರೆಗೆ ಹೋಗಿದ್ದೆ ನೋಡವ್ವ. ಹಳೇದು ಕೊಟ್ಟು ಇದನ್ನ ತಂದೆ. ನಿಧಾನ, ನಿಧಾನ ಅಂತ ದಿನಾ ಗೊಣಗ್ತಿದ್ದಿ. ಕೇಳಾಕೆ ಆಗ್ತಿರಲಿಲ್ಲ."

ಗೊಣಗಿದ್ದು ಅವಳೇ. ಯಾರನ್ನು ಬೈಯುವುದು? ಒಳಗೆ ಹೋಗಿ ಅಂಗಡಿಗೆ ಫೋನ್ ಮಾಡಿದಳು.

"ಅದನ್ನ ಆಗ್ಲೇ ಬಿಚ್ಚಿಬಿಟ್ವಿ ಮೇಡಂ, ಪಾರ್ಟ್ಸಿಗೆ," ಎಂದ ಅಂಗಡಿಯವ.

ಬರೆದದ್ದೆಲ್ಲ ಇಂಟರ್‌ನೆಟ್ಟಿನಲ್ಲಿ ಭದ್ರವಾಗಿತ್ತು, ಹೋದದ್ದು ಪುರಾವೆ. ಹೊಸದರ ಮೆಮೊರಿ ತಗ್ಗಿಸಿ, ವೇಗ ಕಟ್ಟಿಹಾಕಿ ನೋಡಿದಳು. ಮೆಮೊರಿ ತುಂಬಿದಾಗ ಹಳೆಯ ಡಿಸ್ಕ್ ತೆವಳುತ್ತಿದ್ದ ನಡೆ ಅದಕ್ಕೆ ಬರಲೇ ಇಲ್ಲ. ತಿದ್ದುವ ಮುಂಚೆ ಎಷ್ಟು ಹೊತ್ತೋ, ತಿದ್ದಿದ ಮೇಲೂ ಹೆಚ್ಚುಕಡಿಮೆ ಅಷ್ಟೇ. ಆ ಯಂತ್ರ ಈಗ ನನ್ನ ಬಳಿ ಇಲ್ಲ, ವಿದ್ಯಾರ್ಥಿಗಳದ್ದರಲ್ಲಿ ಅಳೆಯಲೇ ಎಂದು ಬರೆದಳು. ಮೂರು ದಿನದ ಮೇಲೆ ಅವರು, ಮೊದಲು ಅಳೆದ ಯಂತ್ರದ ಲೆಕ್ಕವೇ ಬೇಕು ಎಂದು ವಿನಯದಿಂದಲೇ ವಿಷಾದ ತಿಳಿಸಿ ತಿದ್ದುಪಡಿಯನ್ನು ಕೈಬಿಟ್ಟರು.

ಆ ಉತ್ತರ ಓದುತ್ತಿದ್ದಾಗ ವಿರೂಪಾಕ್ಷಪ್ಪ ಕಾಫಿ ಹಿಡಿದು ಬಂದರು.

"ಒಂದ್ಸಲ ಓಡಿಸು, ನೋಡಾನ."

ಒತ್ತಿದಳು. ಅವರು ಲೋಟ ಕೆಳಗಿಟ್ಟು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಮುಗಿದಿತ್ತು.

"ಆತಾ? ಅಂತೂ ನನ್ನ ಸೊಸೆಗೆ ಕಾಯೋದು ತಪ್ಪಿತು ಬಿಡು," ಎಂದರು.

"ತಪ್ಪಿತು ಮಾವ," ಎಂದಳು ಸಂಧ್ಯಾರಾಣಿ. ನಾಳೆ ತರಗತಿಯಲ್ಲಿ ಹಳೆಯ ಯಂತ್ರಗಳ ಮುಂದೆ ಕಾಯುತ್ತ ಕೂರುವ ವಿದ್ಯಾರ್ಥಿಗಳ ಮುಖಗಳು ಕಣ್ಣೆದುರು ಬಂದವು. ಕಾಫಿ ಆರುವ ಮುಂಚೆ ಕುಡಿದಳು.